ರೆಗೆ ರಾತ್ರಿಗೆ ಡಿಜೆ ಲೆಕ್ಕ ಸಲ್ಲದು

ಮಾನ್ಯ ಸಂಪಾದಕರೇ,

ಈಚೆಗೆ ನಿಮ್ಮ ಪತ್ರಿಕೆಯ ಕಾರ್ಯಕ್ರಮ ಪಟ್ಟಿಯಲ್ಲಿ ಜಮೈಕಾದ ಸ್ಕಾ ಮತ್ತು ರೆಗೆ ಸಂಗೀತದ ಲೈವ್ ರಾತ್ರಿಯೊಂದು ‘ಡಿಜೆ ನೈಟ್’ ಎಂಬ ತಲೆಬರಹದ ಕೆಳಗೆ ಬಂತು. ಹತ್ತು ಜನ ಕೈಯಲ್ಲಿ ವಾದ್ಯ ಹಿಡಿದು ನುಡಿಸುವುದನ್ನು ಡಿಜೆ ಎನ್ನಬಹುದೇ ಎಂಬ ಹೆಸರಿನ ತಕರಾರಷ್ಟೇ ಆಗಿದ್ದರೆ ನಾವು ಪತ್ರ ಬರೆಯುತ್ತಿರಲಿಲ್ಲ. ಹೆಸರು ತಪ್ಪಿದರೆ ಅದರ ಬೆನ್ನಿಗೇ ಉಳಿದದ್ದೂ ಸಾಲಾಗಿ ತಪ್ಪುತ್ತದೆ. ಮೈಕ್ ಸೆಟ್‌ನವರು ಮೆರವಣಿಗೆಗೆ ಕಟ್ಟುವ ಪೆಟ್ಟಿಗೆಗಳನ್ನೇ ತಂದಿಳಿಸುತ್ತಾರೆ, ಚಿಕ್ಕದೊಂದು ಮಿಕ್ಸರ್ ಸಾಕೆಂದುಕೊಳ್ಳುತ್ತಾರೆ. ಅನುಮತಿ ಕೊಡುವವರ ಕಣ್ಣ ಮುಂದೆ ಗಣೇಶನ ವಿಸರ್ಜನೆಯ ಲಾರಿ ಬಂದು ನಿಲ್ಲುತ್ತದೆ. ಕೊನೆಗೆ ಕೇಳುಗರು ‘ಬರೀ ಧಂ ಧಂ, ಹಾಡೇ ಕೇಳಿಸಲಿಲ್ಲ’ ಎಂದು ಎದ್ದು ಹೋಗುತ್ತಾರೆ. ಬೈಗುಳ ಬೀಳುವುದು ಹಾಡಿದವರ ತಲೆಗೆ.

ವೇದಿಕೆಯ ಧ್ವನಿ ನೋಡಿಕೊಳ್ಳುವ, ಈ ಸಂಗೀತವನ್ನು ನುಡಿಸುವ ಕೆಲವರು ಸೇರಿ ಇದನ್ನು ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ. ಹಿಡಿಸಿದಷ್ಟು ಹಾಕಿ, ಆದರೆ ಬೇಸ್‌ನ (ತಗ್ಗು ಸ್ವರದ ಗಿಟಾರ್‌ನ) ಭಾಗವನ್ನು ಮಾತ್ರ ಕತ್ತರಿಸಬೇಡಿ.

ಡಿಜೆ ಎಂಬ ಪದ ಇರಲಿ ಎಂದರೂ ಅದರ ಅರ್ಥ ಅಲ್ಲಿ ಬೇರೆ, ಇಲ್ಲಿ ಬೇರೆ. 1950ರ ದಶಕದಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ದೊಡ್ಡ ಸ್ಪೀಕರ್ ಪೆಟ್ಟಿಗೆ ಜೋಡಿಸಿ, ರೆಕಾರ್ಡ್ ಹಾಕಿ, ಬಯಲಿನಲ್ಲಿ ಜನರನ್ನು ಕುಣಿಸುತ್ತಿದ್ದ ತಂಡಗಳಿಗೆ ಸೌಂಡ್ ಸಿಸ್ಟಮ್ ಎಂದು ಹೆಸರು. ಮುಂದೆ ಹಾಡುಗಳ ನಿರ್ಮಾಪಕರಾದ ಕಾಕ್ಸನ್ ಡಾಡ್, ಡ್ಯೂಕ್ ರೀಡ್, ಪ್ರಿನ್ಸ್ ಬಸ್ಟರ್ ಮೂವರೂ ಅಲ್ಲಿಂದ ಎದ್ದು ಬಂದವರು. ರೆಕಾರ್ಡ್ ಆರಿಸಿ ಹಾಕುವವನು ಸೆಲೆಕ್ಟರ್. ಆ ಹಾಡಿನ ಮೇಲೆ ಮೈಕ್ ಹಿಡಿದು ಪ್ರಾಸ ಕಟ್ಟಿ ಮಾತಾಡುವವನು ಡೀಜೇ. ನಮ್ಮಲ್ಲಿ ಡಿಜೆ ಎಂದರೆ ಮನುಷ್ಯನೇ ಅಲ್ಲ, ಲಾರಿಯ ಮೇಲಿನ ಪೆಟ್ಟಿಗೆ.

ಅಮೆರಿಕದ ರಿದಂ ಅಂಡ್ ಬ್ಲೂಸ್ ರೆಕಾರ್ಡ್‌ಗಳನ್ನು ನಂಬಿಕೊಂಡಿದ್ದ ಈ ತಂಡಗಳು, ತಮಗೆ ಬೇಕಾದ ಧಾಟಿಯವು ಸಿಗುವುದು ಕಡಿಮೆಯಾದಾಗ ಊರಿನ ವಾದ್ಯಗಾರರನ್ನೇ ಕೂರಿಸಿ ಹಾಡು ಮಾಡಿಸಿದವು. ಹಾಗೆ ಹುಟ್ಟಿದ್ದು ಸ್ಕಾ. ಜಮೈಕಾ ಸ್ವತಂತ್ರವಾದದ್ದು 1962ರ ಆಗಸ್ಟ್ 6ರಂದು. ಸ್ಕಾದ ಏರುಕಾಲವೂ ಅದೇ ಹೊತ್ತಿನದು. 1964ರಲ್ಲಿ ಕೂಡಿ 1965ರಲ್ಲೇ ಚದುರಿದ ಸ್ಕಾಟಲೈಟ್ಸ್ ತಂಡದಲ್ಲಿ ಟ್ರೊಂಬೋನ್‌ಗೆ ಡಾನ್ ಡ್ರಮಂಡ್, ಸ್ಯಾಕ್ಸೊಫೋನ್‌ಗೆ ಟಾಮಿ ಮೆಕುಕ್ ಮತ್ತು ರೋಲ್ಯಾಂಡ್ ಆಲ್ಫಾನ್ಸೊ, ಡ್ರಮ್ಸ್‌ಗೆ ಲಾಯ್ಡ್ ನಿಬ್ ಇದ್ದರು. 1966ರ ಹೊತ್ತಿಗೆ ಓಟ ತಗ್ಗಿ ರಾಕ್‌ಸ್ಟೆಡಿಯಾಯಿತು, 1968ಕ್ಕೆ ರೆಗೆ. ಸ್ಕಾ ಮತ್ತೆ ಎದ್ದದ್ದು 1979ರಲ್ಲಿ, ಇಂಗ್ಲೆಂಡಿನ ಕವೆಂಟ್ರಿಯಲ್ಲಿ, ಟು ಟೋನ್ ಎಂಬ ರೆಕಾರ್ಡ್ ಕಂಪನಿಯಿಂದ. ಒಂದೇ ರಾತ್ರಿ ಸ್ಕಾ, ರೆಗೆ ಎರಡನ್ನೂ ನುಡಿಸುವವರು ಈ ಇಡೀ ದಾರಿಯನ್ನು ಎರಡು ಗಂಟೆಯಲ್ಲಿ ನಡೆಯುತ್ತಾರೆ.

ಇನ್ನು ಲಯ. ಬಾಯಲ್ಲಿ ‘ತಕ ತಕ ತಕ ತಕ’ ಎಂದುಕೊಂಡು ‘ತ’ಗೆ ಪಾದ ತಟ್ಟಿ, ‘ಕ’ಗೆ ಚಪ್ಪಾಳೆ ಹಾಕಿ. ಪಾದದ್ದು ಎಣಿಕೆ, ಚಪ್ಪಾಳೆಯದು ಗಿಟಾರ್. ಸ್ಕಾ ಅಂದರೆ ಇಷ್ಟು. ರೆಗೆಗೆ ಬಂದರೆ ವೇಗ ಅರ್ಧಕ್ಕೆ ಇಳಿಯುತ್ತದೆ, ಒಂದು ಎಣಿಕೆಯೊಳಗೆ ‘ತಕದಿಮಿ’ ಪೂರ್ತಿ ಕೂರುತ್ತದೆ. ಗಿಟಾರ್ ಬೀಳುವುದು ‘ದಿ’ಗೆ. ಆರ್ಗನ್ ನುಡಿಸುವವರು ಎಡಗೈಯಲ್ಲಿ ‘ಕ’, ಬಲಗೈಯಲ್ಲಿ ‘ದಿ’, ಮತ್ತೆ ಎಡಗೈಯಲ್ಲಿ ‘ಮಿ’ ಒತ್ತುತ್ತಾರೆ. ನೀರು ಕುದಿಯುವಾಗಿನ ಗುಳುಗುಳು ಸದ್ದಿನಂತಿರುವ ಇದಕ್ಕೆ ಬಬಲ್ ಎಂದೇ ಹೆಸರು. ‘ತ’ವನ್ನು ಇಬ್ಬರೂ ಮುಟ್ಟುವುದಿಲ್ಲ. ಡ್ರಮ್ಸ್‌ನವರು ಒನ್ ಡ್ರಾಪ್ ಎಂಬ ನಡೆ ನುಡಿಸುವಾಗ ಮೊದಲ ಎಣಿಕೆಯನ್ನು ಖಾಲಿ ಬಿಡುತ್ತಾರೆ. ಎರಡರಲ್ಲಿ ಕಾಲಿನ ಡ್ರಮ್ಮೂ ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಅಂಚಿಗೆ ಬೀಳುವ ಕೋಲೂ ಒಟ್ಟಿಗೆ. ಮೂರು ಖಾಲಿ, ನಾಲ್ಕರಲ್ಲಿ ಮತ್ತೆ ಪೆಟ್ಟು. ಬಾಬ್ ಮಾರ್ಲಿಯ ವೇಲರ್ಸ್ ತಂಡದಲ್ಲಿ ಡ್ರಮ್ಸ್ ನುಡಿಸುತ್ತಿದ್ದ ಕಾರ್ಲ್‌ಟನ್ ಬ್ಯಾರೆಟ್ ಹೆಸರು ಈ ನಡೆಗೆ ಅಂಟಿಕೊಂಡೇ ಇದೆ. ಪ್ರತಿ ಎಣಿಕೆಗೂ ಕಾಲು ಬಿದ್ದರೆ ಅದು ಸ್ಟೆಪರ್ಸ್.

ತಾಳದ ಮೊದಲ ಎಣಿಕೆಯಾದ ಸಮಕ್ಕೇ ಜೋರು ಪೆಟ್ಟು ನಿರೀಕ್ಷಿಸುವ ನಮ್ಮ ಕಿವಿಗೆ ಇದು ಮೊದಲು ತೊಡಕೆನಿಸುತ್ತದೆ. ಹಿಂದುಸ್ತಾನಿ ಕೇಳುವವರಿಗೆ ಖಾಲಿಯ ಜಾಗದಲ್ಲಿ ತಬಲಾದ ಡಗ್ಗಾ ಸುಮ್ಮನಾಗುವುದು ಗೊತ್ತು. ಇಲ್ಲಿ ಆ ಖಾಲಿ ಬಂದು ಕೂರುವುದು ಸಮದಲ್ಲೇ. ಸಭೆಯಲ್ಲಿ ಭಜನೆಯ ಚಪ್ಪಾಳೆ ಎದ್ದರೆ ಆ ಖಾಲಿ ತುಂಬಿಹೋಗುತ್ತದೆ, ಬೇಸ್ ನುಡಿಸುವವರ ಮುಖ ಸಪ್ಪಗಾಗುತ್ತದೆ. ಮೊಣಕಾಲನ್ನು ಎಣಿಕೆಗೆ ಬಗ್ಗಿಸಿ ಕೈಯನ್ನು ಎಣಿಕೆಗಳ ನಡುವಿನ ಎಡೆಗೆ ಬಿಟ್ಟುಕೊಂಡರೆ ಎರಡೇ ಹಾಡಿನಲ್ಲಿ ಮೈಗೆ ಹತ್ತುತ್ತದೆ.

ಖಾಲಿ ಬಿಟ್ಟ ಜಾಗದಲ್ಲಿ ಹಾಡನ್ನು ಹೊರುವುದು ಬೇಸ್ ಗಿಟಾರ್. ರಾಕ್‌ನಲ್ಲಿ, ಸಿನಿಮಾ ಹಾಡಿನಲ್ಲಿ ಬೇಸ್ ಎಂದರೆ ಅಡಿಪಾಯ, ಕಣ್ಣಿಗೆ ಬೀಳದಿದ್ದರೂ ನಡೆಯುತ್ತದೆ. ರೆಗೆಯಲ್ಲಿ ಬೇಸ್ ಹಾಡುತ್ತದೆ. ಕೇಳುಗರು ಮನೆಗೆ ಹೋಗುತ್ತಾ ಗುನುಗಬೇಕಾದ್ದು ಅದನ್ನೇ. ನಾಲ್ಕು ತಂತಿಯ ಬೇಸ್ ಗಿಟಾರ್‌ನಲ್ಲಿ ಇ (ಪಾಶ್ಚಾತ್ಯ ಸ್ವರದ ಹೆಸರು) ತಂತಿ ಬಿಡಿಯಾಗಿ 41 ಹರ್ಟ್ಜ್, ಅಂದರೆ ಸೆಕೆಂಡಿಗೆ 41 ಕಂಪನ, ಎ 55, ಡಿ 73, ಜಿ 98. ರೆಗೆಯ ಬೇಸ್‌ನ ಹಾಡೆಲ್ಲ ಹೆಚ್ಚಾಗಿ ನಡೆಯುವುದು ಈ 40ರಿಂದ 110 ಹರ್ಟ್ಜ್‌ನ ಓಣಿಯಲ್ಲಿ. ಹೆಚ್ಚೆಂದರೆ ಒಂದೂವರೆ ಸ್ಥಾಯಿ. ಇಲ್ಲಿ ಒಂದು ಸ್ವರ ಉಬ್ಬಿ ಪಕ್ಕದ್ದು ಬತ್ತಿದರೆ ಹಾಡು ಹೋದಂತೆಯೇ.

ಮೆರವಣಿಗೆಗೆ ಕಟ್ಟಿದ ಪೆಟ್ಟಿಗೆಗಳ ದೋಷ ಇದೇ. ಚಿಕ್ಕದೊಂದು ಪಟ್ಟಿಯಲ್ಲಿ ಎಷ್ಟು ಜೋರು ಬರುತ್ತದೋ ಅಷ್ಟು ಬರಲಿ ಎಂದು ಅವನ್ನು ಕಟ್ಟಿರುತ್ತಾರೆ. ಎಲ್ಲ ಹಾಡಿಗೂ ಒಂದೇ ಧಂ. ಪೆಟ್ಟಿಗೆ ಯಾವುದೇ ಇರಲಿ, ಪರೀಕ್ಷೆ ಸುಲಭ. ಸೌಂಡ್ ಚೆಕ್‌ನಲ್ಲಿ ಬೇಸ್‌ನವರಿಗೆ ಕೆಳಗಿನ ಇ ಯಿಂದ ಮೇಲಿನ ಇ ತನಕ ಪ್ರತಿ ಸ್ವರವನ್ನೂ ಒಂದೇ ಬಲದಲ್ಲಿ, ಒಂದೊಂದನ್ನು ಎರಡೆರಡು ಸೆಕೆಂಡ್ ನುಡಿಸಲು ಹೇಳಿ. ಮಿಕ್ಸರ್ ಬಿಟ್ಟೆದ್ದು ಸಭಾಂಗಣದಲ್ಲಿ ಓಡಾಡಿ. ಎಲ್ಲ ಕಡೆಯೂ ಒಂದೇ ಸ್ವರ ಎದ್ದು ಕುಣಿದರೆ, ಸದ್ದಿನ ಒಂದೊಂದು ಪಟ್ಟಿಯನ್ನು ಏರಿಸಿ ಇಳಿಸುವ ಈಕ್ವಲೈಸರ್‌ನಲ್ಲಿ ಆ ಜಾಗವನ್ನು ಕಿರಿದಾಗಿ ಹಿಡಿದು 3–4 ಡೆಸಿಬೆಲ್ ಇಳಿಸಿ. ಒಂದು ಮೂಲೆಯಲ್ಲಿ ಮಾತ್ರ ಕುಣಿದರೆ ಅದು ಗೋಡೆಯ ಕೆಲಸ, ಈಕ್ವಲೈಸರ್ ಮುಟ್ಟಬೇಡಿ. ಮೂಲೆಯ ತಪ್ಪಿಗೆ ಇಡೀ ಸಭೆಗೆ ದಂಡ ಹಾಕಿದಂತಾಗುತ್ತದೆ.

ತಗ್ಗು ಸ್ವರಕ್ಕೆಂದೇ ಇರುವ ಪೆಟ್ಟಿಗೆಗಳಾದ ಸಬ್‌ವೂಫರ್‌ಗಳನ್ನು ವೇದಿಕೆಯ ಎಡಕ್ಕೊಂದು ಬಲಕ್ಕೊಂದು ಗುಡ್ಡೆ ಹಾಕುವುದು ನಮ್ಮಲ್ಲಿ ರೂಢಿ, ಕಣ್ಣಿಗೂ ಚೆಂದ. ಕಿವಿಗೆ ಅಲ್ಲ. 30 ಡಿಗ್ರಿ ಸೆಕೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 349 ಮೀಟರ್ ಓಡುತ್ತದೆ, ಆದ್ದರಿಂದ 55 ಹರ್ಟ್ಜ್‌ನ ಅಲೆಯ ಉದ್ದ 6.3 ಮೀಟರ್. ಕೇಳುಗರೊಬ್ಬರು ಒಂದು ಗುಡ್ಡೆಗಿಂತ ಇನ್ನೊಂದಕ್ಕೆ 3.2 ಮೀಟರ್ ಹತ್ತಿರ ನಿಂತಿದ್ದರೆ ಎರಡು ಅಲೆಗಳು ಎದುರುಬದುರಾಗಿ ಬಂದು ಒಂದನ್ನೊಂದು ತಿಂದುಹಾಕುತ್ತವೆ. ಅವರ ಪಾಲಿಗೆ ಎ ತಂತಿಯೇ ಇಲ್ಲ. ನಡುವಿನ ಕಿರಿದಾದ ದಾರಿಯಲ್ಲಿ ನಿಂತವರಿಗೆ ಮಾತ್ರ ಎದೆ ನಡುಗುತ್ತದೆ. ಮಿಕ್ಸರ್ ಇರುವುದೂ ಅದೇ ನಡುದಾರಿಯಲ್ಲಿ. ಹಾಗಾಗಿ ಧ್ವನಿ ನೋಡಿಕೊಳ್ಳುವವರಿಗೆ ಎಲ್ಲ ಸರಿಯಾಗಿಯೇ ಕೇಳುತ್ತಿರುತ್ತದೆ! ಇದಕ್ಕೆ ಮದ್ದು, ಸಬ್‌ಗಳನ್ನೆಲ್ಲ ವೇದಿಕೆಯ ಮುಂದೆ ನಡುವಿನಲ್ಲಿ ಒಟ್ಟಿಗೆ ಜೋಡಿಸುವುದು. 85 ಹರ್ಟ್ಜ್‌ನ ಮೇಲಿನದನ್ನು ಸಬ್‌ಗೆ ಕಳಿಸದೆ ಕತ್ತರಿಸುವುದಾದರೆ ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 2 ಮೀಟರ್ ಮೀರಬಾರದು. ಮೂರರಲ್ಲಿ ಒಂದನ್ನು ಹಿಂದಕ್ಕೆ ತಿರುಗಿಸಿ ವೇದಿಕೆಯ ಕಡೆಗೆ ಹೋಗುವ ಬೇಸ್ ತಗ್ಗಿಸುವ ಜೋಡಣೆಯೂ ಇದೆ. ತಯಾರಕರು ಕೊಟ್ಟ ಸೆಟ್ಟಿಂಗ್ ಆಂಪ್ಲಿಫೈಯರ್‌ನಲ್ಲಿದ್ದರೆ ಮಾತ್ರ ಅದಕ್ಕೆ ಕೈ ಹಾಕಿ. ಅಂದಾಜಿನ ಮೇಲೆ ಮಾಡಿದರೆ ಹಿಂದೆ ಕಡಿಮೆಯಾಗುವ ಬದಲು ಮುಂದೆಯೇ ಮಾಯವಾಗುತ್ತದೆ.

ಗಿಟಾರ್‌ನ ಕಡೆಯಿಂದಲೂ ಆಗಬೇಕಾದ್ದಿದೆ. ಬೇಸ್‌ಗೆ ನುಣುಪು ಸುತ್ತಿನ ತಂತಿ, ಅಂದರೆ ಫ್ಲಾಟ್‌ವೂಂಡ್, ಹಾಕಿರಬೇಕು. ಟೋನ್ ಗುಂಡಿ ಪೂರ್ತಿ ಇಳಿಸಿ, ಬೆರಳನ್ನು ಕತ್ತಿನ ಹತ್ತಿರಕ್ಕೆ ತಂದು ನುಡಿಸಬೇಕು. ಹೊಸ ತಂತಿಯ ಝಣಝಣ ಇನ್ನೂ ಉಳಿದಿದ್ದರೆ ಗಿಟಾರ್‌ನ ಸೇತುವೆಯ (ತಂತಿ ಹೊರುವ ಬ್ರಿಜ್‌ನ) ಬಳಿ ತಂತಿಯ ಅಡಿಗೆ ಬೆರಳಗಲದ ಸ್ಪಂಜಿನ ತುಂಡು ತುರುಕಿ. ಸ್ವರ ಗುಂಡಗೆ ಬಂದು ಬೇಗ ನಿಲ್ಲುತ್ತದೆ. ಮಿಕ್ಸರ್‌ನಲ್ಲಿ 30 ಹರ್ಟ್ಜ್‌ನ ಕೆಳಗಿನದನ್ನು ಕತ್ತರಿಸಿ, ಜೋರಿನ ಏರಿಳಿತ ತಗ್ಗಿಸುವ ಕಂಪ್ರೆಸರ್ 4ಕ್ಕೆ 1, ಅದು ಹಿಡಿಯಲು ಶುರುಮಾಡುವ ಕಾಲ, ಅಂದರೆ ಅಟ್ಯಾಕ್, ನಿಧಾನ, 30 ಮಿಲಿಸೆಕೆಂಡ್ ಸುಮಾರು. ರಾಕ್ ಮಿಕ್ಸ್ ಮಾಡಿ ಕೈ ಪಳಗಿದವರು ಕಾಲಿನ ಡ್ರಮ್ಮನ್ನು ತಳಕ್ಕಿಟ್ಟು ಬೇಸನ್ನು ಅದರ ಮೇಲೆ ಕೂರಿಸುತ್ತಾರೆ. ಇಲ್ಲಿ ಅದಲುಬದಲು ಮಾಡಬೇಕು. ಬೇಸ್‌ನ ತೂಕ 50–60 ಹರ್ಟ್ಜ್‌ನಲ್ಲಿ, ಡ್ರಮ್ಮಿನ ಗುದ್ದು 80–100ರಲ್ಲಿ. ಎರಡರಲ್ಲೂ 250ರಿಂದ 400 ಹರ್ಟ್ಜ್‌ನ ಡಬ್ಬದ ಸದ್ದನ್ನು ತುಸು ತೆಗೆದರೆ ಹಾಡುವವರ ಮಾತು ತಾನಾಗಿ ಬಿಡಿಸಿಕೊಳ್ಳುತ್ತದೆ.

ಕರೆಂಟಿನ ಗುಂಯ್ ಸದ್ದಿನ ಬಗ್ಗೆ ಒಂದು ಮಾತು. ನಮ್ಮ ಕರೆಂಟು 50 ಹರ್ಟ್ಜ್. ಬೇಸ್‌ನ ಕೆಳಗಿನ ಜಿ ಸ್ವರ 49 ಹರ್ಟ್ಜ್. ಅರ್ಥಿಂಗ್ ಸರಿಯಿಲ್ಲದ ಕಡೆ ಜಿ ಸ್ವರದಲ್ಲಿ ನಿಲ್ಲುವ ಹಾಡು ಬಂದರೆ ಈ ಎರಡೂ ಸೇರಿ ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತವೆ. ಬೇಸ್‌ನವರು ಶ್ರುತಿ ತಪ್ಪಿದೆಯೆಂದು ಬಿರಡೆ ತಿರುಗಿಸುತ್ತಲೇ ಇರುತ್ತಾರೆ, ಪಾಪ, ತಂತಿ ಸರಿಯಾಗಿಯೇ ಇರುತ್ತದೆ. ಧ್ವನಿಗೆ ಒಂದು ಫೇಸ್, ದೀಪಕ್ಕೆ ಇನ್ನೊಂದು ಫೇಸ್ ತೆಗೆದುಕೊಳ್ಳಿ. ಗುಂಯ್ ಇನ್ನೂ ನಿಲ್ಲದಿದ್ದರೆ ಬೇಸನ್ನು ಮಿಕ್ಸರ್‌ಗೆ ಜೋಡಿಸುವ ಡಿಐ ಪೆಟ್ಟಿಗೆಯಲ್ಲಿರುವ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಪ್ಲಗ್ಗಿನ ಮೂರನೇ ಕಡ್ಡಿ ಮುರಿದು ಅರ್ಥಿಂಗ್ ತೆಗೆಯುವ ಅಭ್ಯಾಸ ಇನ್ನೂ ಅಲ್ಲಲ್ಲಿ ಇದೆ. ಬೆವರಿದ ಕೈ ಗಿಟಾರ್ ಮೇಲೆ, ತುಟಿ ಮೈಕಿನ ಮೇಲೆ ಇರುವಾಗ ಅದು ಪ್ರಾಣಕ್ಕೇ ಕುತ್ತು.

ಮಿಕ್ಸರ್‌ನ ಚಾನೆಲ್‌ಗಳ ಲೆಕ್ಕ ಹೀಗಿದೆ: ಡ್ರಮ್ಸ್‌ಗೆ 7, ಕಾಂಗೊ ಮುಂತಾದ ಕೈವಾದ್ಯಕ್ಕೆ 2, ಬೇಸ್‌ಗೆ 1, ಗಿಟಾರ್‌ಗೆ 2, ಆರ್ಗನ್–ಪಿಯಾನೊಗೆ 3, ಟ್ರಂಪೆಟ್ ಮುಂತಾದ ಕೊಂಬುಗಳಿಗೆ 3, ಗಾಯನಕ್ಕೆ 4. ಒಟ್ಟು 22. ಎಕೋ, ರಿವರ್ಬ್ ಮರಳಿ ಬರಲು 4 ಸೇರಿಸಿದರೆ 26. ಇಪ್ಪತ್ನಾಲ್ಕರದ್ದು ಸಾಲದು, 32 ಚಾನೆಲ್‌ನದೇ ಬೇಕು.

ಡ್ರಮ್ಸ್‌ನಲ್ಲಿ ಮೈಕ್ ಸೆಟ್‌ನವರು ಎಡವುವುದು ಒಂದೇ ಕಡೆ. ಸ್ನೇರ್ ಮೈಕಿಗೆ, ಮೆಲ್ಲನೆಯ ಸದ್ದನ್ನು ತಡೆಯುವ ಗೇಟ್ ಹಾಕಿಡುತ್ತಾರೆ. ಜೋರಾದ ಹೊಡೆತಕ್ಕೆ ಹೊಂದಿಸಿದ ಆ ಗೇಟ್, ಅಂಚಿಗೆ ಬೀಳುವ ಕೋಲಿನ ಮೆಲ್ಲನೆಯ ‘ಟಕ್’ ಬಂದಾಗ ಬಾಗಿಲೇ ತೆರೆಯುವುದಿಲ್ಲ. ಒನ್ ಡ್ರಾಪ್‌ನ ಅರ್ಧ ಜೀವ ಅಲ್ಲೇ ಹೋಯಿತು. ಗೇಟ್ ತೆಗೆಯಿರಿ. ಸ್ನೇರ್‌ನ ತಳದ ತಂತಿಜಾಲ ಬೇಸ್‌ನ ಸದ್ದಿಗೆ ತಾನಾಗಿ ಝರ್ ಎನ್ನುತ್ತಿದ್ದರೆ ಡ್ರಮ್ಸ್‌ನವರಿಗೆ ಹೇಳಿ ಅದನ್ನು ಸಡಿಲಿಸಿ. ಮೇಲಿನ ಚರ್ಮ ಬಿಗಿ ಮಾಡಿ, ತಂತಿಜಾಲ ಬಿಟ್ಟು, ಲ್ಯಾಟಿನ್ ಸಂಗೀತದ ಟಿಂಬಾಲೆ ಡ್ರಮ್ಮಿನಂತೆ ನುಡಿಸುವುದು ರೆಗೆಯವರಿಗೆ ಹೇಗೂ ಇಷ್ಟ.

ಗಿಟಾರ್‌ನ ಬಗ್ಗೆ ಹೇಳುವುದು ಕಡಿಮೆ. ಡಿಸ್ಟಾರ್ಷನ್ ಬೇಡ. ಮೇಲಿನ ಮೂರು ನಾಲ್ಕು ತಂತಿ ಮಾತ್ರ, ಹೊಡೆದ ತಕ್ಷಣ ಎಡಗೈ ಸಡಿಲಿಸಿ ಸದ್ದು ನಿಲ್ಲಿಸಬೇಕು. 200 ಹರ್ಟ್ಜ್‌ನ ಕೆಳಗಿನದು ಬೇಸ್‌ನ ಆಸ್ತಿ, ಮಿಕ್ಸರ್‌ನಲ್ಲಿ ಕತ್ತರಿಸಿಬಿಡಿ.

ಕೊಂಬುಗಳ ವಿಷಯಕ್ಕೆ ನಮ್ಮವರು ಹೆಚ್ಚು ಕಿವಿಗೊಡಬೇಕು. ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೊಫೋನ್ ನಮಗೆ ಹೊಸವೇನಲ್ಲ. ಮದುವೆ ದಿಬ್ಬಣದ ಬ್ಯಾಂಡ್‌ಸೆಟ್‌ಗೆ, ಮೈಸೂರಿನ ಪೊಲೀಸ್ ಬ್ಯಾಂಡ್‌ಗೆ ಇವು ಬಂದದ್ದು ಬ್ರಿಟಿಷರ ಸೈನಿಕ ಬ್ಯಾಂಡ್‌ನ ದಾರಿಯಲ್ಲಿ. ಕಿಂಗ್‌ಸ್ಟನ್‌ಗೆ ಬಂದದ್ದೂ ಹಾಗೇ. ಅಲ್ಲಿ ಕ್ರೈಸ್ತ ಸನ್ಯಾಸಿನಿಯರು ಬಡ ಹುಡುಗರಿಗಾಗಿ ನಡೆಸುತ್ತಿದ್ದ ಆಲ್ಫಾ ಬಾಯ್ಸ್ ಸ್ಕೂಲ್‌ನ ಬ್ಯಾಂಡ್‌ನಲ್ಲಿ ಕಲಿತವರೇ ಡಾನ್ ಡ್ರಮಂಡ್, ಟಾಮಿ ಮೆಕುಕ್. ಕಲಿತ ಹುಡುಗರಲ್ಲಿ ಕೆಲವರು ಸೈನಿಕ ಬ್ಯಾಂಡ್ ಸೇರಿದರು, ಕೆಲವರು ಸ್ಕಾ ಕಟ್ಟಿದರು. ನಮ್ಮ ಬ್ಯಾಂಡ್‌ಸೆಟ್‌ನ ಒಳ್ಳೆಯ ಟ್ರಂಪೆಟ್‌ಗಾರರೊಬ್ಬರು ಸ್ಕಾ ತಂಡಕ್ಕೆ ಕೂತರೆ ಕಲಿಯಬೇಕಾದ ಹೊಸದು ಒಂದೇ: ಚಿಕ್ಕದಾಗಿ ಊದಿ, ಒಟ್ಟಿಗೆ ನಿಲ್ಲಿಸುವುದು.

ಗಿಟಾರ್‌ನವರು ಹಾಡು ಕಟ್ಟುವುದು ಎ ಅಥವಾ ಇ ಶ್ರುತಿಯಲ್ಲಿ, ಅವರ ಕೈಗೆ ಅದು ಸಲೀಸು. ಟ್ರಂಪೆಟ್ ಮತ್ತು ಟೆನರ್ ಸ್ಯಾಕ್ಸೊಫೋನ್ ಬಿ ಫ್ಲ್ಯಾಟ್ ವಾದ್ಯಗಳು, ಅಂದರೆ ಹಾಳೆಯಲ್ಲಿ ಸಿ ಎಂದಿರುವುದನ್ನು ಊದಿದರೆ ಬಿ ಫ್ಲ್ಯಾಟ್ ಕೇಳುತ್ತದೆ. ಎ ಶ್ರುತಿಯ ಹಾಡು ಅವರ ಹಾಳೆಯಲ್ಲಿ ಬಿ ಆಗುತ್ತದೆ, ಐದು ಶಾರ್ಪ್. ಇ ಫ್ಲ್ಯಾಟ್ ವಾದ್ಯವಾದ ಆಲ್ಟೊ ಸ್ಯಾಕ್ಸೊಫೋನ್‌ನವರಿಗೆ ಎಫ್ ಶಾರ್ಪ್, ಆರು. ಬೆರಳು ತೊಡರಿ ಎಡೆಪೆಟ್ಟು ತಡವಾಗುತ್ತದೆ, ಕೇಳುವವರಿಗೆ ತಂಡದ ಲಯವೇ ಸಡಿಲ ಎನಿಸುತ್ತದೆ. ಅದೇ ಹಾಡನ್ನು ಅರ್ಧ ಸ್ವರ ಏರಿಸಿ ಬಿ ಫ್ಲ್ಯಾಟ್‌ಗೆ ತಂದರೆ ಟ್ರಂಪೆಟ್‌ಗೆ ಸಿ, ಆಲ್ಟೊಗೆ ಜಿ, ಗಿಟಾರ್‌ನವರು ಒಂದು ಮನೆ ಸರಿದರೆ ಮುಗಿಯಿತು. ಬೇಸ್‌ಗೆ ಎ ತಂತಿಯ ಮೊದಲ ಮನೆ, 58 ಹರ್ಟ್ಜ್, ತೂಕ ತುಂಬಿದ ಜಾಗ. ಇ ಫ್ಲ್ಯಾಟ್ ಕೊಂಬಿಗೆ ಹಿತವಾದರೂ ಬೇಸ್‌ಗೆ ಕಷ್ಟ. 39 ಹರ್ಟ್ಜ್‌ನ ಆ ಸ್ವರ ನಾಲ್ಕು ತಂತಿಯಲ್ಲಿ ಇಲ್ಲ, ಮೇಲಿನ ಸ್ಥಾಯಿಗೆ ಹೋದರೆ ಹಾಡು ಹಗುರಾಗುತ್ತದೆ. ಹಾಡುವವರ ಕಂಠವೂ ಒಪ್ಪಬೇಕು, ಅದು ಬೇರೆ ಜಗಳ.

ಎಸಿ ಹಾಕಿದ ಖಾಲಿ ಸಭಾಂಗಣದಲ್ಲಿ ಸಂಜೆ ಶ್ರುತಿ ಮಾಡಿಕೊಂಡ ಕೊಂಬುಗಳು ಜನ ತುಂಬಿದ ಮೇಲೆ ಏರುತ್ತವೆ. ಒಳಗಿನ ಗಾಳಿ ಒಂದು ಡಿಗ್ರಿ ಕಾದರೆ ಶ್ರುತಿ ಸುಮಾರು 3 ಸೆಂಟ್ ಮೇಲಕ್ಕೆ, ನೂರು ಸೆಂಟ್‌ಗೆ ಅರ್ಧ ಸ್ವರ. 24ರಿಂದ 30 ಡಿಗ್ರಿಗೆ ಹೋದರೆ ಲೆಕ್ಕಕ್ಕೆ 17 ಸೆಂಟ್ ಆಯಿತು. ಊದುವವರ ಉಸಿರಿನ ಕಾವು ಮೊದಲೇ ಒಳಗಿರುವುದರಿಂದ ನಿಜದಲ್ಲಿ ಅಷ್ಟಾಗದು, ಆದರೂ ಕೀಬೋರ್ಡ್ ತನ್ನ ಜಾಗ ಬಿಟ್ಟು ಕದಲುವುದಿಲ್ಲವಲ್ಲ, ಜಗಳ ಕೇಳಿಸುತ್ತದೆ. ವೇದಿಕೆಗೆ ಬರುವ ಮೊದಲು ಹತ್ತು ನಿಮಿಷ ಊದಿ ಕಾಯಿಸಿ, ಎರಡನೇ ಹಾಡು ಮುಗಿದ ಮೇಲೆ ಆರ್ಗನ್‌ಗೆ ಇನ್ನೊಮ್ಮೆ ಹೊಂದಿಸಿ, ಟ್ರಂಪೆಟ್ ಏರಿದ್ದರೆ ಟ್ಯೂನಿಂಗ್ ಸ್ಲೈಡ್ ಕೂದಲಷ್ಟು ಹೊರಗೆಳೆಯಿರಿ. ಒಬ್ಬೊಬ್ಬರಿಗೆ ಒಂದೊಂದು ಮೈಕ್, 20–30 ಸೆಂಟಿಮೀಟರ್ ದೂರ. ಸ್ಯಾಕ್ಸೊಫೋನ್‌ನ ಸದ್ದು ಅದರ ಅಗಲವಾದ ಬಾಯಿಂದ ಮಾತ್ರವಲ್ಲ, ಮೈಯ ತೂತುಗಳಿಂದಲೂ ಬರುತ್ತದೆ. ಮೈಕನ್ನು ಬಾಯಿಗೂ ಕೆಳಗಿನ ಕೀಲಿಗಳಿಗೂ ನಡುವೆ ಗುರಿಯಿಡಿ. ಟ್ರೊಂಬೋನ್‌ನವರನ್ನು ಸಾಲಿನ ಹೊರ ತುದಿಗೆ ನಿಲ್ಲಿಸಿ. ಸ್ಲೈಡ್ ಅರವತ್ತು ಸೆಂಟಿಮೀಟರ್ ಮುಂದೆ ಚಾಚುತ್ತದೆ, ಎದುರಿನ ಮೈಕ್ ಸ್ಟ್ಯಾಂಡ್‌ಗೆ ಬಡಿದರೆ ವಾದ್ಯವೂ ಹಾಳು, ಮೈಕೂ ಹಾಳು. ಊದುವವರ ತುಟಿ ದಣಿಯುತ್ತದೆ ಎಂಬುದನ್ನೂ ಹಾಡಿನ ಪಟ್ಟಿ ಬರೆಯುವವರು ಮರೆಯಬಾರದು. ಕೊಂಬು ತುಂಬಿದ ಸ್ಕಾ ಎರಡು ಆದ ಮೇಲೆ ಕೊಂಬಿಲ್ಲದ ರೆಗೆ ಒಂದು ಬರಲಿ.

ಇನ್ನು ಎಕೋ. ನಮ್ಮ ಆರ್ಕೆಸ್ಟ್ರಾಗಳಲ್ಲಿ ಗಾಯಕರು ಮೈಕ್ ಹಿಡಿದೊಡನೆ ಕೇಳುವುದು ‘ಸ್ವಲ್ಪ ಎಕೋ ಕೊಡಿ ಸರ್’. ಕೊಟ್ಟದ್ದು ಕಾರ್ಯಕ್ರಮ ಮುಗಿಯುವ ತನಕ ಹಾಗೇ ಇರುತ್ತದೆ. ರೆಗೆಯಲ್ಲಿ ಗಾಯನ ಒಣಗಿಯೇ ಇರಬೇಕು. ಎಕೋವನ್ನು ಎಸೆಯುತ್ತಾರೆ, ಸಾಲಿನ ಕೊನೆಯ ಒಂದು ಪದಕ್ಕೆ, ಕೋಲಿನ ಒಂದು ಪೆಟ್ಟಿಗೆ, ಗಿಟಾರ್‌ನ ಒಂದು ಕೊಚ್ಚಿಗೆ. ಆಮೇಲೆ ಕೈ ತೆಗೆಯುತ್ತಾರೆ. 1970ರ ದಶಕದಲ್ಲಿ ಕಿಂಗ್ ಟಬಿ ಈ ಎಸೆತವನ್ನೇ ಕಲೆಯಾಗಿ ಬೆಳೆಸಿದರು. ಅವರು ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ ಕುಶಲಿ. ಮುಗಿದ ಹಾಡಿನ ನಾಲ್ಕು ಟ್ರ್ಯಾಕ್‌ಗಳನ್ನು ಮಿಕ್ಸರ್ ಮೇಲೆ ಬಿಡಿಸಿ, ಗಾಯನ ತೆಗೆದು, ಬೇಸ್ ಮತ್ತು ಡ್ರಮ್ಸ್ ಉಳಿಸಿ, ಉಳಿದದ್ದನ್ನು ತುಣುಕು ತುಣುಕಾಗಿ ಎಕೋಗೆ ಎಸೆದು ಅವರು ಮಾಡಿದ್ದೇ ಡಬ್. ಲೈವ್ ಕಾರ್ಯಕ್ರಮದಲ್ಲಿ ಮಿಕ್ಸರ್ ಹಿಂದೆ ಕೂತವರು ಹನ್ನೊಂದನೇ ವಾದ್ಯಗಾರರು. ಹಾಡು ಗೊತ್ತಿಲ್ಲದವರನ್ನು ಅಲ್ಲಿ ಕೂರಿಸಬಾರದು.

ಎಕೋದ ಕಾಲ ಲೆಕ್ಕ ಸುಲಭ: 60,000ವನ್ನು ನಿಮಿಷದ ಎಣಿಕೆಯಿಂದ ಭಾಗಿಸಿ. 75ರ ವೇಗಕ್ಕೆ 800 ಮಿಲಿಸೆಕೆಂಡ್ ಒಂದು ಎಣಿಕೆ, 400 ಅದರ ಅರ್ಧ, 600 ಮುಕ್ಕಾಲು. ಮುಕ್ಕಾಲಿನದು ಎಡೆಪೆಟ್ಟುಗಳ ಜೊತೆ ಅಡ್ಡಾಡುತ್ತದೆ, ಕೇಳಲು ಅದೇ ಚೆಂದ. ಡ್ರಮ್ಸ್‌ನವರು ಮನುಷ್ಯರು, ವೇಗ ತುಸು ಸರಿಯುತ್ತದೆ. ಎಕೋ ಸರಿಯುವುದಿಲ್ಲ. ಪ್ರತಿ ಹಾಡಿಗೂ ಟ್ಯಾಪ್ ಗುಂಡಿಯನ್ನು ನಾಲ್ಕು ಸಲ ಒತ್ತಿ ಹೊಸದಾಗಿ ಹಿಡಿಯಿರಿ. ಎಕೋ ಮರಳಿ ಬರುವ ತಂತಿಯನ್ನು ಸಾಮಾನ್ಯ ಚಾನೆಲ್‌ಗೆ ತಂದರೆ ಮೂರು ಅನುಕೂಲ: 400 ಹರ್ಟ್ಜ್‌ನ ಕೆಳಗೆ, 4,000ದ ಮೇಲೆ ಕತ್ತರಿಸಬಹುದು, ಅದನ್ನು ಅದಕ್ಕೇ ಮರಳಿ ಕಳಿಸಿ ಬೆಳೆಸಬಹುದು, ಫೇಡರ್ (ಜೋರು ಏರಿಸಿ ಇಳಿಸುವ ಜಾರುಗುಂಡಿ) ಇಳಿಸಿ ಗಕ್ಕನೆ ನಿಲ್ಲಿಸಬಹುದು. ಬೆಳೆಸುವಾಗ ಬೆರಳು ಫೇಡರ್ ಮೇಲೇ ಇರಲಿ. ಮರಳಿ ಕಳಿಸುವುದು ಬಂದದ್ದಕ್ಕಿಂತ ಹೆಚ್ಚಾಯಿತೋ, ಎರಡು ಸೆಕೆಂಡ್‌ನಲ್ಲಿ ಅದು ಊಳಿಡುತ್ತದೆ. ಬೇಸನ್ನು ಎಕೋಗೆ ಎಸೆಯಲೇಬಾರದು. ಕೆಸರಾಗುತ್ತದೆ.

ಅನುಮತಿಯ ವಿಷಯ. ಶಬ್ದಮಾಲಿನ್ಯ ನಿಯಮಗಳು, 2000ರ ಪ್ರಕಾರ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಸದ್ದು ಆ ಪ್ರದೇಶಕ್ಕೆ ನಿಗದಿಯಾದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಸಲ್ಲದು. ನಾವು ಈ ನಿಯಮಕ್ಕೆ ವಿರೋಧಿಗಳಲ್ಲ. ಆದರೆ ಅಳತೆಯಲ್ಲಿ ಒಂದು ಗುಟ್ಟಿದೆ. ಈ ಮಿತಿಗಳೆಲ್ಲ ‘ಎ’ ತೂಕದ ಡೆಸಿಬೆಲ್‌ನಲ್ಲಿವೆ. ಮೆಲ್ಲನೆಯ ಸದ್ದಿಗೆ ಮನುಷ್ಯನ ಕಿವಿ ಸ್ಪಂದಿಸುವ ರೀತಿಗೆ ಹೊಂದಿಸಿದ ಆ ಅಳತೆ 50 ಹರ್ಟ್ಜ್‌ನ ಸದ್ದನ್ನು 30 ಡೆಸಿಬೆಲ್ ಕಡಿಮೆ ಮಾಡಿ ತೋರಿಸುತ್ತದೆ. ಮೀಟರ್‌ನಲ್ಲಿ ಎಲ್ಲ ಸರಿಯಿರುತ್ತದೆ, ಪಕ್ಕದ ಬೀದಿಯ ಕಿಟಕಿ ಗಡಗಡ ಎನ್ನುತ್ತಿರುತ್ತದೆ. ಮೀಟರ್ ತೋರಿಸಿ ‘ನಮ್ಮದೇನು ತಪ್ಪು’ ಎಂದು ವಾದ ಮಾಡುವ ಆಯೋಜಕರಿಗೆ ನಮ್ಮ ಬೆಂಬಲವಿಲ್ಲ. ಅದೇ ಮೀಟರನ್ನು ‘ಸಿ’ಗೆ ತಿರುಗಿಸಿ ಗಡಿಯಲ್ಲಿ ಒಮ್ಮೆ ನಿಲ್ಲಿ. ‘ಸಿ’ಯಲ್ಲಿ 50 ಹರ್ಟ್ಜ್‌ಗೆ ಕಡಿತ ಸುಮಾರು 1 ಡೆಸಿಬೆಲ್ ಅಷ್ಟೇ. ಎರಡರ ನಡುವೆ 15–20ಕ್ಕಿಂತ ಹೆಚ್ಚು ಅಂತರ ಕಂಡರೆ ನೆರೆಯವರ ದೂರು ನಿಜ ಎಂದುಕೊಳ್ಳಿ. ಆಗ ಇಳಿಸಬೇಕಾದ್ದು ಮುಖ್ಯ ಫೇಡರ್ ಅಲ್ಲ, ಸಬ್. ಮನೆಗಳಿರುವ ದಿಕ್ಕಿಗೆ ಸಬ್‌ಗಳ ಬೆನ್ನೂ ಮುಖವೂ ಇರದಂತೆ ವೇದಿಕೆಯನ್ನೇ ತಿರುಗಿಸಿದ್ದರೆ ಇನ್ನೂ ಒಳ್ಳೆಯದಿತ್ತು.

ಒಳಗಿನವರ ಕಿವಿಯ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಮಾನದಂಡ ಹದಿನೈದು ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದು ಎನ್ನುತ್ತದೆ. ಚೆನ್ನಾಗಿ ಜೋಡಿಸಿದ ರೆಗೆ ಅದಕ್ಕಿಂತ ಎಷ್ಟೋ ಕೆಳಗೇ ಎದೆಗೆ ತಟ್ಟುತ್ತದೆ. ಕಿವಿ ಚುಚ್ಚುತ್ತಿದ್ದರೆ ತಪ್ಪು ಬೇಸ್‌ನದಲ್ಲ, 2,000ದಿಂದ 4,000 ಹರ್ಟ್ಜ್‌ನಲ್ಲಿ ಕಿರುಚುವ ಕೊಂಬು ಮತ್ತು ಸಿಂಬಲ್‌ನದು.

ಹಾಡಿನ ಸರದಿಯಲ್ಲಿ ಬಹಳ ತಂಡಗಳು ಮುಗ್ಗರಿಸುತ್ತವೆ. ಸ್ಕಾದಿಂದ ಶುರು ಮಾಡಿ ಜನರನ್ನು ಕುಣಿಸಿ, ನಡುವೆ ನಿಧಾನದ ರೆಗೆ ಎತ್ತಿಕೊಂಡರೆ ಗಾಡಿ ಕೆಟ್ಟು ನಿಂತಂತಾಗುತ್ತದೆ. ನಿಧಾನದಿಂದ ಶುರು ಮಾಡಿ ಹತ್ತು ಹಾಡಿನಲ್ಲಿ ವೇಗ ಏರಿಸುತ್ತಾ ಹೋಗುವುದು ಒಂದು ದಾರಿ. ಇನ್ನೊಂದು, ವೇಗಗಳನ್ನು ಜೋಡಿ ಮಾಡುವುದು. ನಿಮಿಷಕ್ಕೆ 150 ಎಣಿಕೆಯ ಸ್ಕಾ ಮುಗಿಯುವ ಹೊತ್ತಿಗೆ ಡ್ರಮ್ಸ್‌ನ ಜೋಡಿ ತಾಳವಾದ ಹೈಹ್ಯಾಟ್ ಅದೇ ಓಟದಲ್ಲಿರಲಿ, ಬೇಸ್ ಮತ್ತು ಕೋಲು ಅದರ ಅರ್ಧಕ್ಕೆ, 75ಕ್ಕೆ ಇಳಿಯಲಿ. ಕುಣಿಯುವವರ ಕಾಲು ನಿಲ್ಲುವುದೇ ಇಲ್ಲ, ಆದರೆ ಹಾಡು ರೆಗೆ ಆಗಿರುತ್ತದೆ.

ಸಂಪಾದಕರೇ, ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದಿನ ಸಲ ಇಂಥ ರಾತ್ರಿಯ ಸುದ್ದಿ ಬಂದಾಗ ‘ಡಿಜೆ’ ಬದಲು ‘ಸ್ಕಾ–ರೆಗೆ ಲೈವ್’ ಎಂದು ಹಾಕಿ. ನುಡಿಸುವವರು ಎಷ್ಟು ಜನ, ಕೊಂಬುಗಳಿವೆಯೋ ಇಲ್ಲವೋ ತಿಳಿಸಿ. ಹತ್ತಕ್ಕೆ ಮುಗಿಯಲೇಬೇಕಾದ ಬಯಲಿನ ಕಾರ್ಯಕ್ರಮವಾದರೆ ಶುರುವಾಗುವ ಸಮಯವನ್ನು ‘ಸಂಜೆ’ ಎನ್ನದೆ ಗಂಟೆಯಲ್ಲೇ ಕೊಡಿ. ಕುರ್ಚಿ ಹಾಕುತ್ತಾರೋ ಇಲ್ಲವೋ ಎಂಬುದನ್ನೂ ಸೇರಿಸಿ, ಒತ್ತೊತ್ತಾಗಿ ಕುರ್ಚಿ ಹಾಕಿದ ಕಡೆ ಸ್ಕಾಗೆ ಮೊಣಕಾಲು ಬಗ್ಗಿಸಲು ಜಾಗವಿರುವುದಿಲ್ಲ.

ಇತಿ,
ವೇದಿಕೆಯ ಧ್ವನಿ ನೋಡಿಕೊಳ್ಳುವ ಮತ್ತು ವಾದ್ಯ ನುಡಿಸುವ ಕೆಲವರು,
ಬೆಂಗಳೂರು